ನಡುಮೆಟ್ಟಿಲಿನಲ್ಲಿ ನಿಂತವರು

ತೊಗರಿ ಹೊಟ್ಟಿನ ವಾಸನೆಯನ್ನು ಗೊತ್ತಿಲ್ಲದವರಿಗೆ ಹೇಳಿ ತಿಳಿಸುವುದು ಕಷ್ಟ. ಒಣಗಿದ ಎಲೆ, ಕಾದ ಕರಿಮಣ್ಣು, ಕಾಳು ಬಿಡಿಸುವ ರಾಶಿ ಯಂತ್ರದ ಡೀಸೆಲ್ ಹೊಗೆ ಎಲ್ಲ ಕೂಡಿ ಮೂಗಿಗೆ ಕಚಗುಳಿ ಇಡುವ ವಾಸನೆ ಅದು. ಹೋದ ಚಳಿಗಾಲದಲ್ಲಿ ನಾದಿನಿಯ ಸೀಮಂತಕ್ಕೆ, ನಮ್ಮ ಕಡೆಯ ಕುಬಸಕ್ಕೆಂದು, ಕಲಬುರಗಿಯಿಂದ ಕರಜಗಿಗೆ ಹೊರಟಿದ್ದೆವು. ಅಫಜಲಪುರ ಹತ್ತಿರವಾದಾಗ ಕಾರಿನ ಗಾಜು ಇಳಿಸಿದೆ. ರಸ್ತೆಯ ಪಕ್ಕದ ಹೊಲದಲ್ಲಿ ಯಂತ್ರ ಓಡುತ್ತಿತ್ತು. ಗಾಳಿ ಒಂದು ಹಿಡಿ ಹೊಟ್ಟನ್ನು ತಂದು ಮುಖಕ್ಕೆ ಎರಚಿತು, ಒಂದೇ ಸಮನೆ ಸೀನತೊಡಗಿದೆ.

"ಗಾಜು ಏರಸು, ಎಲ್ಲಾ ಧೂಳ ಒಳಗ ಬರಾಕತ್ತದ" ಎಂದರು ನನ್ನವರು.

ಏರಿಸಲಿಲ್ಲ. "ಬಸ್ ಸ್ಟ್ಯಾಂಡ್ ಹತ್ರ ಜರಾ ನಿಲ್ಲಸ್ರಿ. ನಮ್ಮ ಸರ್ ದವಾಖಾನಿ ಮೆಟ್ಟಲ ನೋಡಬೇಕು."

"ಮಂದಿ ಈ ದಾರಿಗೆ ಬಂದ್ರ ಗಾಣಗಾಪುರದ ದತ್ತನ್ನ ನೋಡಿ ಹೋಗ್ತಾರ. ಇಕಿ ಮೆಟ್ಟಲ ನೋಡ್ತಾಳಂತ" ಎಂದು ಗೊಣಗಿದರೂ ನಿಲ್ಲಿಸಿದರು. ಮದುವೆಯಾದಾಗಿನಿಂದ ಆ ಮೆಟ್ಟಿಲ ಕಥೆ ಕೇಳಿ ಕೇಳಿ ಅವರಿಗೂ ಸಾಕಾಗಿತ್ತು. ಒಮ್ಮೆ ಕಣ್ಣಾರೆ ನೋಡಿದರೆ ಪೀಡೆ ಕಳೆಯುತ್ತದೆ ಎಂದುಕೊಂಡಿರಬೇಕು.

ಡೆಂಟಲ್ ಓದು ಮುಗಿಸಿ ನಾನು ಮನೆಯಲ್ಲಿ ಕೂತು ಅವ್ವನ ಜೊತೆ ಜಗಳ ಕಾಯುತ್ತಿದ್ದ ಕಾಲ. ಅಪ್ಪನದು ಕಲಬುರಗಿಯಲ್ಲಿ ಬೇಳೆ ವ್ಯಾಪಾರ. ಅವರ ಹಳೆಯ ಸ್ನೇಹಿತರು ಡಾಕ್ಟರ್ ಶರಣಪ್ಪ, ಆಳಂದ ಕಡೆಯ ಮಾದನಹಿಪ್ಪರಗಾದವರು, ಅಫಜಲಪುರದಲ್ಲಿ ಹಲ್ಲಿನ ಡಾಕ್ಟರು. "ಈ ತೊಗರಿ ಸುಗ್ಗಿ ಮುಗಿಯೋತನ ನನ್ನ ಹತ್ರ ಕಳಸು. ಪುಸ್ತಕದಾಗಿನ ಹಲ್ಲು ನೋಡ್ಯಾಳ, ಮನಷ್ಯಾರ ಹಲ್ಲು ನೋಡ್ಲಿ" ಎಂದರಂತೆ. ಅಪ್ಪ ಕಳಿಸಿಯೇಬಿಟ್ಟರು. ಸರ್ ಮನೆಯಲ್ಲೇ ನನಗೊಂದು ಕೋಣೆ, ಅವರ ಹೆಂಡತಿ ಮಹಾದೇವಿ ಅಮ್ಮನ ಕೈಯ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಮಕ್ಕಳಿಲ್ಲದ ಆ ಮನೆಗೆ ನಾನು ಹೋದದ್ದೇ ಒಂದು ಸಂಭ್ರಮವಾಯಿತು. ಬಂದ ವಾರದಲ್ಲೇ ನನ್ನ ರವಿಕೆಗಳು ಬಿಗಿಯಾದವು.

ದವಾಖಾನೆ ಮಹಡಿಯ ಮೇಲಿತ್ತು. ಕೆಳಗೆ ರಶೀದ್ ಭಾಯಿಯ ಬೀಜ, ಗೊಬ್ಬರದ ಅಂಗಡಿ. ಅಂಗಡಿಯ ಪಕ್ಕದಿಂದ ಶಹಾಬಾದಿ ಕಲ್ಲಿನ ಇಕ್ಕಟ್ಟಾದ ಮೆಟ್ಟಿಲು. ಕೊನೆಯ ಕಲ್ಲು ಸಡಿಲಾಗಿ, ಯಾರು ಕಾಲಿಟ್ಟರೂ 'ಖಟ್' ಎನ್ನುತ್ತಿತ್ತು. ಗೌಂಡಿಯನ್ನು ಕರೆಸಿ ಕೂಡಿಸಬಾರದೇ ಎಂದು ಮೊದಲ ದಿನವೇ ಕೇಳಿದೆ. ಹಲ್ಲುನೋವಿನವರನ್ನು ಇಂಥ ಮೆಟ್ಟಿಲು ಹತ್ತಿಸುವುದೇ ಪಾಪ ಎಂದೂ ಸೇರಿಸಿದೆ. ನನ್ನ ನಾಲಿಗೆ ಆಗಲೂ ಉದ್ದವೇ.

ಸರ್ ನಕ್ಕರು. "ಕುಂಡ್ರು. ಕಣ್ಣ ಮುಚ್ಚು. ಯಾರೋ ಬರಾಕತ್ತಾರ, ಕೇಳು."

ಕೇಳಿದೆ. ಚಪ್ಪಲಿ ಸಪ್ಪಳ ಏರಿತು, ನಡುವೆ ನಿಂತಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ನಿಧಾನಕ್ಕೆ ಏರಿತು. ಖಟ್.

ಒಳಗೆ ಬಂದವರು ದಪ್ಪ ಮೀಸೆಯ ಒಬ್ಬ ಗೌಡರು. "ಬಿಪಿ, ಶುಗರ್, ಎದಿ ತ್ರಾಸ ಏನರ ಅದ ಏನ್ರಿ?" ಎಂದು ನಾನು ಓದಿದ್ದನ್ನು ಒಪ್ಪಿಸಿದೆ.

"ಏನಿಲ್ರಿ. ಗಟ್ಟಿ ಅದೀನಿ."

ಸರ್ ಅವರನ್ನು ಬೆಂಚಿನ ಮೇಲೆ ಕೂರಿಸಿ, ನೀರು ಕೊಟ್ಟು, ತೊಗರಿಯ ಮಾತು ತೆಗೆದರು. ಹೊಲಕ್ಕೆ ನಡೆದು ಹೋಗುತ್ತೀರೋ ಗಾಡಿಯ ಮೇಲೋ, ಮಲಗುವಾಗ ತಲೆಗೆ ದಿಂಬು ಹೆಚ್ಚು ಬೇಕಾಗುತ್ತದೆಯೋ ಎಂದು ಸುಮ್ಮನೆ ಹರಟೆಯಂತೆ ಕೇಳಿದರು. ಹೊಲಕ್ಕೆ ಹೋಗುವುದನ್ನೇ ಬಿಟ್ಟಿದ್ದರು ಗೌಡರು. ರಾತ್ರಿ ಗೋಡೆಗೆ ಒರಗಿ ಕೂತೇ ನಿದ್ದೆ. ಅವರನ್ನು ಸರ್ ಅಂದು ಹಲ್ಲು ಮುಟ್ಟದೆ ಎದೆಯ ಡಾಕ್ಟರ ಬಳಿ ಕಳಿಸಿದರು.

"ಬಾಯಿ ಸುಳ್ಳ ಹೇಳ್ತದವಾ, ಮೆಟ್ಟಲ ಹೇಳಂಗಿಲ್ಲ" ಎಂದರು ನನಗೆ.

ನಮ್ಮ ಕಡೆಯ ಜನಕ್ಕೆ ಹಲ್ಲಿನ ಡಾಕ್ಟರ ಮುಂದೆ ರೋಗ ಮುಚ್ಚಿಡುವುದು ಒಂದು ರೂಢಿ. ಬಿಪಿ ಇದೆ ಎಂದರೆ ಹಲ್ಲು ಕೀಳದೆ ವಾಪಸು ಕಳಿಸುತ್ತಾರೆ, ಬಸ್ ಚಾರ್ಜು ದಂಡ, ನೋವಂತೂ ಹಾಗೇ ಉಳಿಯುತ್ತದೆ ಎಂಬುದು ಸಂತೆಯಲ್ಲಿ ಕೇಳಿ ಕಲಿತ ಬುದ್ಧಿ. ಹೀಗಾಗಿ ಜೇವರ್ಗಿಯಿಂದ ಬಂದವರಿರಲಿ, ಗಾಣಗಾಪುರದಲ್ಲಿ ದರ್ಶನ ಮುಗಿಸಿ ಹಾದಿಯಲ್ಲಿ ಇಳಿದವರಿರಲಿ, ಎಲ್ಲರ ಬಾಯಲ್ಲೂ "ಏನಿಲ್ರಿ". ಗುರುವಾರ ಬಂದವರಂತೂ ಉಪವಾಸವಿದ್ದು ಕುರ್ಚಿ ಏರುತ್ತಿದ್ದರು. ಹಲ್ಲು ಕೀಳುವುದೂ ಆಪರೇಷನ್ನೇ, ಹೊಟ್ಟೆ ಖಾಲಿ ಇರಬೇಕು, ದತ್ತನ ಒಪ್ಪತ್ತೂ ಆಯಿತು ಎಂದು ಎರಡೂ ಪುಣ್ಯ ಕೂಡಿಸಿಕೊಂಡು ಬರುತ್ತಿದ್ದರು. ಸೂಜಿ ಕಂಡದ್ದೇ ತಡ, ಕಣ್ಣು ಮೇಲಾಗುತ್ತಿತ್ತು. ಅಂಥವರನ್ನು ಸರ್ ಮೊದಲು ಕೆಳಗಿನ ಹೋಟೆಲಿಗೆ ಅಟ್ಟುತ್ತಿದ್ದರು.

ಇನ್ನು ಸರ್ ಅವರ ಡಬ್ಬಿ. ಅವರ ತಾಯಿ ಎಲೆಯಡಿಕೆ ಇಟ್ಟುಕೊಳ್ಳುತ್ತಿದ್ದ ಹಿತ್ತಾಳೆಯ ಡಬ್ಬಿ ಅದು. ಅಡಿಕೆಯ ಕುಳಿಯಲ್ಲಿ ಆಸ್ಪಿರಿನ್, ಸುಣ್ಣದ ಕುಳಿಯಲ್ಲಿ ನಾಲಿಗೆಯಡಿ ಇಡುವ ಎದೆಯ ಗುಳಿಗೆ, ಎಲೆ ಇಡುವ ಜಾಗದಲ್ಲಿ ಉಬ್ಬಸದ ಪಂಪು. ತುರ್ತಿಗೆ ಚುಚ್ಚುವ ಇಂಜೆಕ್ಷನ್ನು ಹತ್ತಿಯಲ್ಲಿ ಸುತ್ತಿ ಒಂದು ಬದಿಗೆ. ಪಕ್ಕದಲ್ಲಿ ಆಮ್ಲಜನಕದ ಸಿಲಿಂಡರು. ಅದು ಬತ್ತಲೆ ನಿಂತರೆ ಜನ ಹೆದರುತ್ತಾರೆಂದು ಮಹಾದೇವಿ ಅಮ್ಮ ಇಳಕಲ್ ಸೀರೆಯ ಸೆರಗಿನಲ್ಲಿ ಅದಕ್ಕೊಂದು ಅಂಗಿ ಹೊಲಿದಿದ್ದರು. "ಡಾಕ್ಟ್ರ, ಹಲ್ಲ ಕಿತ್ತ ಮ್ಯಾಲ ಎಲಿ ಕೊಡ್ತೀರೇನ್ರಿ?" ಎಂದು ಮುದುಕಿಯರು ಡಬ್ಬಿ ನೋಡಿ ಚೇಷ್ಟೆ ಮಾಡುತ್ತಿದ್ದರು. ಪ್ರತಿ ಸೋಮವಾರ ಇಷ್ಟಲಿಂಗದ ಪೂಜೆ ಮುಗಿಸಿ ಬಂದು, ವಿಭೂತಿಯ ಬೆರಳಲ್ಲೇ ಡಬ್ಬಿ ತೆರೆದು, ಒಂದೊಂದರ ತಾರೀಖು ನೋಡಿ ಇಡುವುದು ಸರ್ ಅವರ ಇನ್ನೊಂದು ಪೂಜೆ.

ಡಬ್ಬಿಯ ಬೆಲೆ ನನಗೆ ತಿಳಿದದ್ದು ಶಾಂತಬಾಯಿ ಬಂದ ದಿನ. ಕರಜಗಿಯವಳು, ರಾಶಿಯ ಕೆಲಸದಿಂದ ನೇರ ಬಂದಿದ್ದಳು, ತಲೆಗೂದಲ ತುಂಬ ಹೊಟ್ಟು. ಮೆಟ್ಟಿಲ ಮೇಲೆ ನಿಂತದ್ದು ಕೇಳಿಸಿತು. ಕೇಳಿದರೆ ಚಪ್ಪಲಿಯ ಉಂಗುಟ ಕಿತ್ತಿತ್ತು ಎಂದಳು, ತೋರಿಸಿದಳು ಕೂಡ. ಖರೆ ಇತ್ತು. ರೋಗ ಏನಾದರೂ? "ಏನಿಲ್ರಿ ಅವ್ವಾ." ಕುರ್ಚಿ ಹಿಂದಕ್ಕೆ ಒರಗಿಸಿ, ಬಾಯಲ್ಲಿ ಅರಳೆ ಇಟ್ಟು, ಸೂಜಿ ಕೈಗೆತ್ತಿಕೊಳ್ಳುವಷ್ಟರಲ್ಲಿ ಅವಳ ಎದೆಯಿಂದ ಸಿಳ್ಳೆಯಂಥ ದನಿ ಬರತೊಡಗಿತು. ನನ್ನ ಮುಂಗೈ ಹಿಡಿದಳು. ಆ ಹಿಡಿತ ಈಗಲೂ ನೆನಪಿದೆ. ನೀರಿಗೆ ಬಿದ್ದವರು ಹಾಗೆ ಹಿಡಿಯುತ್ತಾರೆ.

"ಕುರ್ಚಿ ಎತ್ತು. ಬಾಯಾಗಿಂದು ಎಲ್ಲಾ ತಗಿ" ಎಂದರು ಸರ್, ಪಕ್ಕದಿಂದ. ದನಿ ಏರಿಸಲಿಲ್ಲ. ಅವಳನ್ನು ನೆಟ್ಟಗೆ ಕೂರಿಸಿ, ಸ್ವಲ್ಪ ಮುಂದಕ್ಕೆ ಬಾಗಿಸಿದೆವು. ಎಲೆಯ ಜಾಗದಿಂದ ಪಂಪು ಬಂತು, ಅದಕ್ಕೆ ಉದ್ದನೆಯ ಕೊಳವೆ ಸೇರಿಸಿ ಬಾಯಿಗೆ ಹಿಡಿದರು. ನಾನು ಸಿಲಿಂಡರಿನ ಅಂಗಿ ಕಳಚಿದೆ, ಅವಸರಕ್ಕೆ ಗುಂಡಿ ಕಿತ್ತುಹೋಯಿತು. ಬಾಗಿಲಲ್ಲಿ ನಿಂತ ಅವಳ ಗಂಡ ಅಳತೊಡಗಿದ.

ಸರ್ ಅವಳ ಎದುರು ಸ್ಟೂಲಿನ ಮೇಲೆ ಕೂತರು. "ಶಾಂತವ್ವ, ನೀ ಮಾತಾಡಬ್ಯಾಡ, ತಲಿ ಅಲ್ಲಾಡಸು ಸಾಕು. ಈ ಸಲ ತೊಗರಿ ಛಲೋ ಬಂದದ ಏನು? ಹೂಂ. ಗೊಡ್ಡರೋಗ ಬಿದ್ದಿಲ್ಲಲ್ಲ? ಹಾಂ. ಈಗ ಸಾವಕಾಶ ಉಸಿರು ಬಿಡು. ಒಳಗ ತಗೋಳೋದಲ್ಲ, ಬಿಡೋದು ನೋಡ್ಕೊ." ಹೀಗೆ ಒಬ್ಬರೇ ಮಾತಾಡುತ್ತ, ನಡುನಡುವೆ ಪಂಪು ಒತ್ತುತ್ತ ಕೂತರು. ಒಂದು ಕಣ್ಣು ಅವಳ ತುಟಿಯ ಬಣ್ಣದ ಮೇಲೆ, ಒಂದು ಕಣ್ಣು ಗಡಿಯಾರದ ಮೇಲೆ. ಇಳಿಯದಿದ್ದರೆ ಆಂಬುಲೆನ್ಸಿಗೆ ಹೇಳಬೇಕೆಂದು ನನ್ನ ಕೈಗೆ ಫೋನು ಕೊಟ್ಟಿದ್ದರು. ಸಿಳ್ಳೆ ಸಣ್ಣದಾಗುತ್ತ ಬಂತು. ನನ್ನ ಮುಂಗೈ ಮೇಲಿನ ಬೆರಳು ಒಂದೊಂದಾಗಿ ಸಡಿಲವಾದವು.

ಪಂಪು ಮನೆಯಲ್ಲಿತ್ತಂತೆ, ದೇವರ ಜಗುಲಿಯ ಹಿಂದೆ. "ಚಟ ಹತ್ತತದ ಅಂತಾರ್ರಿ ಮಂದಿ. ಅದಕ ಮುಚ್ಚಿ ಇಟ್ಟಿದ್ವಿ" ಎಂದ ಗಂಡ. ನನಗೆ ಸಿಟ್ಟು ನೆತ್ತಿಗೇರಿತ್ತು. ಬಾಯಿ ತೆರೆಯುವ ಮೊದಲೇ ಸರ್ ನನ್ನನ್ನು ಒಂದು ನೋಟದಲ್ಲಿ ಸುಮ್ಮನಾಗಿಸಿದರು. "ಪಂಪ್ ತಗೊಂಡು ಮುಂದಿನ ವಾರ ಬರ್ರಿ. ಹಲ್ಲ ಎಲ್ಲೂ ಓಡಿ ಹೋಗಂಗಿಲ್ಲ" ಎಂದರು ಅಷ್ಟೇ. ಶಾಂತಬಾಯಿ ಬಂದಳು. ಸೆರಗಿನ ಗಂಟಿನಿಂದ ಪಂಪು ತೆಗೆದು, ಕಂಡಕ್ಟರನಿಗೆ ಟಿಕೀಟು ತೋರಿಸಿದಂತೆ ಮೊದಲು ತೋರಿಸಿ, ಆಮೇಲೆ ಕೂತಳು. ಹಲ್ಲು ಸಲೀಸಾಗಿ ಬಂತು.

ಅದೇ ತಿಂಗಳು ಗಾಣಗಾಪುರದ ಲಾಡ್ಜಿನ ಮಾಲೀಕರೊಬ್ಬರು ದವಡೆ ಹಿಡಿದುಕೊಂಡು ಬಂದರು. ಎಡಗಡೆಯ ಕೆಳಹಲ್ಲು ತೆಗೆಯಿರಿ ಎಂದು ಪಟ್ಟು. ನಾನು ಎಷ್ಟು ತಟ್ಟಿ ನೋಡಿದರೂ ಹಲ್ಲಿನಲ್ಲಿ ದೋಷವಿಲ್ಲ. ಮೆಟ್ಟಿಲು ಏರುವಾಗ ನೋಯುತ್ತದೆ, ಕೂತರೆ ಕಡಿಮೆಯಾಗುತ್ತದೆ ಎಂದರು. ಸರ್ ಅವರನ್ನು ಹಾಗೆಯೇ ಇಸಿಜಿಗೆ ಕಳಿಸಿದರು. ಎದೆಯ ನೋವು ದವಡೆಗೆ ಇಳಿದಿತ್ತು.

"ಹಲ್ಲಿಗೆ ಮೆಟ್ಟಲ ಗೊತ್ತಿರಂಗಿಲ್ಲವಾ ಸುನಂದಾ" ಎಂದರು ಸರ್ ಕೈ ತೊಳೆಯುತ್ತ. "ಮೆಟ್ಟಲ ಗೊತ್ತಿರೋದು ಎದಿಗೆ."

ಸಂಕ್ರಾಂತಿ ಕಳೆಯಿತು. ಊರಿಗೆ ಊರೇ ರಾಶಿಯ ಧೂಳಿನಲ್ಲಿ ಮುಳುಗಿತ್ತು. ನಮ್ಮ ಬೆಂಚು ಬೆಳಿಗ್ಗೆಯಿಂದಲೇ ತುಂಬಿರುತ್ತಿತ್ತು. ಆಗ ಅಮ್ಮ ಒಂದು ಮಧ್ಯಾಹ್ನ ರೊಟ್ಟಿ ಬಡಿಯುತ್ತ ಹೇಳಿದರು: "ನಿಮ್ಮ ಸರ್ ರೊಟ್ಟಿ ಬಿಟ್ಟಾರ, ಅನ್ನಕ್ಕ ಬಂದಾರ. ಎಡಗಡೆ ಹಲ್ಲ ನೋಯ್ತದಂತ. ಊರ ಮಂದಿ ಹಲ್ಲೆಲ್ಲಾ ನೋಡ್ತಾರ, ತಮ್ಮದು ನೋಡ್ಕೊಳ್ಳಂಗಿಲ್ಲ. ಊರಿಗೆ ಉಪಕಾರಿ, ಮನಿಗೆ ಮಾರಿ."

"ಹಲ್ಲಿನ ತೂತಿಗೆ ತುಂಬಿದ್ದು ಹಳೇ ಸಿಮೆಂಟ್ ಅದ. ಪುರಸೊತ್ತ ಆದಾಗ ನೋಡೂಣು" ಎಂದರು ಸರ್.

ಮರುವಾರ ಒಂದು ಬೆಳಿಗ್ಗೆ ನಾನು ಮೊದಲೇ ಹೋಗಿ ಸಾಮಾನು ಜೋಡಿಸುತ್ತಿದ್ದೆ. ಮೆಟ್ಟಿಲ ಮೇಲೆ ಸಪ್ಪಳ. ಏರಿತು, ನಡುವೆ ನಿಂತಿತು. ಯಾರೋ ಎದೆಯ ರೋಗಿ, ಇವರೂ 'ಏನಿಲ್ರಿ' ಎನ್ನುತ್ತಾರೆ ಎಂದುಕೊಂಡೆ. ನಿಂತ ಹೆಜ್ಜೆ ಬಹಳ ಹೊತ್ತು ಏಳಲಿಲ್ಲ. ಬಾಗಿಲಿಗೆ ಹೋಗಿ ಬಗ್ಗಿ ನೋಡಿದರೆ ಸರ್. ಒಂದು ಕೈ ಗೋಡೆಯ ಮೇಲೆ, ಇನ್ನೊಂದು ದವಡೆಯ ಮೇಲೆ.

"ಏನಾತ್ರಿ ಸರ್?"

"ಏನಿಲ್ಲವಾ. ಹಲ್ಲು."

ಮೇಲೆ ಬಂದು ತಾವೇ ರೋಗಿಯ ಕುರ್ಚಿಯಲ್ಲಿ ಕೂತರು. "ಇವತ್ತ ತಗದಬಿಡು. ಬೆಂಚ್ ತುಂಬೋದ್ರಾಗ ಮುಗಸು."

ಹಲ್ಲನ್ನು ತಟ್ಟಿದೆ. ನೋವಿಲ್ಲ. ಐಸಿನ ತುಂಡು ಮುಟ್ಟಿಸಿದೆ, ಕ್ಷಣ ಝುಮ್ಮೆಂದು ಸುಮ್ಮನಾಯಿತು. ಎಕ್ಸ್‌ರೇಯಲ್ಲಿ ಹಳೆಯ ಸಿಮೆಂಟು ಗಟ್ಟಿಯಾಗಿ ಕೂತಿತ್ತು, ಬೇರು ಸ್ವಚ್ಛ. ಎಕ್ಸ್‌ರೇ ಕೆಳಗಿಟ್ಟು ಅವರ ಕಡೆ ತಿರುಗಿದೆ.

"ಸರ್, ಈಗ ನೋಯ್ತದೇನ್ರಿ?"

"ಈಗ ಕಮ್ಮಿ ಆಗ್ಯಾದ."

"ನಿನ್ನೆ ಯಾವಾಗ ಬಂದಿತ್ರಿ?"

"ಮೆಟ್ಟಲ ಏರೋವಾಗ. ಮೊನ್ನಿನೂ ಹಂಗೇ. ಯಾಕ?"

"ರಾತ್ರಿ ಮಲಗೂ ಮುಂದ ತಲಿಗೆ ದಿಂಬು ಹೆಚ್ಚಿಗಿ ಬೇಕಾಗ್ತಾವೇನ್ರಿ?"

ಸರ್ ಮುಖ ಕೆಂಪಾಯಿತು. ಆ ಮೊದಲು ನಾನು ಅವರ ಸಿಟ್ಟು ನೋಡಿರಲಿಲ್ಲ. "ನನ್ನ ಪ್ರಶ್ನಿ ನನಗ ಕೇಳ್ತಿ ಏನು? ಮೂವತ್ತು ವರ್ಷ ಹಲ್ಲ ನೋಡೀನಿ. ನನ್ನ ಹಲ್ಲ ನನಗ ಗೊತ್ತಿಲ್ಲ?" ಟ್ರೇಯಿಂದ ಇಕ್ಕಳ ತೆಗೆದು ನನ್ನ ಕೈಯಲ್ಲಿಟ್ಟರು. "ಹಿಡಿ. ನೀ ತಗೀಲಿಲ್ಲಂದ್ರ ಬಸ್ ಹತ್ತಿ ಹೋಗಿ ಕಲಬುರ್ಗ್ಯಾಗ ತಗಸ್ತೇನಿ."

ಇಕ್ಕಳ ಕೈಯಲ್ಲಿತ್ತು. ನನಗೆ ಕೆಲಸ ಕಲಿಸಿದವರು, ಅಪ್ಪನ ಸ್ನೇಹಿತರು, ನಾನು ಅವರ ಮನೆಯ ಅನ್ನ ತಿನ್ನುತ್ತಿದ್ದವಳು. ತೆಗೆದರೆ ಸರ್ ಖುಷಿಯಾಗಿ ಮನೆಗೆ ಹೋಗುತ್ತಾರೆ, ಆ ನೋವು ಇನ್ನೊಂದು ಮೆಟ್ಟಿಲಲ್ಲಿ ಕಾಯುತ್ತಿರುತ್ತದೆ. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರಲ್ಲ, ಲಾಡ್ಜಿನವರ ದವಡೆಯಲ್ಲಿ ಎದೆಯನ್ನು ಕಂಡ ಮನುಷ್ಯ ತಮ್ಮ ದವಡೆಯಲ್ಲಿ ಬರೀ ಹಲ್ಲು ಕಂಡಿದ್ದರು. ಹಲ್ಲಿನ ಡಾಕ್ಟರಿಗೂ ಇಂಥ ತಪ್ಪು ಆಗುತ್ತದೆ ಎಂದು ನಾನು ಎಣಿಸಿರಲಿಲ್ಲ. ನನಗೆ ಅಳು ಬಂತು. ಅಳುತ್ತಲೇ ಇಕ್ಕಳವನ್ನು ಟ್ರೇಗೆ ಹಾಕಿದೆ.

"ನಾ ತಗಿಯಂಗಿಲ್ರಿ ಸರ್. ಹಲ್ಲಿಗೆ ಮೆಟ್ಟಲ ಗೊತ್ತಿರಂಗಿಲ್ಲ. ನೀವ ಹೇಳೀರಿ."

ಸರ್ ಕುರ್ಚಿಯಿಂದ ಏಳಹೋದವರು ಹಾಗೇ ಕೂತರು. ನನ್ನ ಮಾತಿಗೋ, ಅವರ ಸಿಟ್ಟಿಗೋ, ನೋವು ಕೂತಲ್ಲೇ ತಿರುಗಿ ಬಂದಿತ್ತು. ಹಣೆಯ ವಿಭೂತಿಯ ಮೇಲೆ ಬೆವರು ಮೂಡಿ ಗೆರೆಗಳು ಕರಗತೊಡಗಿದವು. ಕೈ ದವಡೆಯಿಂದ ಎದೆಗೆ ಬಂತು. ಆಗ ಅವರು ನನ್ನನ್ನು ನೋಡಿದ ನೋಟ ಡಾಕ್ಟರದ್ದಲ್ಲ. ಶಾಂತಬಾಯಿಯದು.

"ಡಬ್ಬಿ" ಎಂದರು.

ಅವರನ್ನು ಅರ್ಧ ಒರಗಿಸಿ ಕೂರಿಸಿದೆ. ಬಿಪಿ ನೋಡಿದೆ, ಇಳಿದಿರಲಿಲ್ಲ. ಸುಣ್ಣದ ಕುಳಿಯ ಗುಳಿಗೆ ನಾಲಿಗೆಯಡಿ, ಅಡಿಕೆಯ ಕುಳಿಯದನ್ನು ಅಗಿಯಲು ಕೊಟ್ಟೆ. "ಎಡಗಡೆ ಅಗೀಲೇನು?" ಎಂದರು ಆ ಹೊತ್ತಿನಲ್ಲೂ. ಕಿಟಕಿಯಿಂದ ರಶೀದ್ ಭಾಯಿಯನ್ನು ಕೂಗಿದೆ. ಅವನು ಹಮಾಲರನ್ನು ಕರೆದುಕೊಂಡು ಓಡಿ ಬಂದ. ಬೀಜದ ಚೀಲ ಹೊರುವ ಆ ಹೆಗಲುಗಳು ಸರ್ ಅವರನ್ನು ಪ್ಲಾಸ್ಟಿಕ್ ಕುರ್ಚಿಯ ಸಮೇತ ಎತ್ತಿದವು.

"ಡಾಕ್ಟರ್ ಸಾಬ್, ಫಿಕರ್ ಮಾಡಬ್ಯಾಡ್ರಿ. ನೂರು ಕಿಲೋ ಚೀಲ ಇಳಸ್ತಾರ ಇವ್ರು, ನೀವೇನು ಹೂವು" ಎಂದ ರಶೀದ್ ಭಾಯಿ. ಕಣ್ಣಲ್ಲಿ ನೀರಿತ್ತು.

ನನಗೆ ಸರ್ ಕೈ ಬಿಡಲಾಗಲಿಲ್ಲ. ಅವರ ಜೊತೆಯೇ ಗೋಡೆಗೆ ಒರಸಿಕೊಂಡು ಇಳಿದೆ. ರಶೀದ್ ಭಾಯಿಯ ಕಾರಿನಲ್ಲಿ ದೊಡ್ಡ ದವಾಖಾನೆಗೆ ಹೋದೆವು. ಇಸಿಜಿ ಮಾಡಿದ ಡಾಕ್ಟರು ಪಟ್ಟಿ ನೋಡಿದವರೇ ಆಂಬುಲೆನ್ಸ್ ಕರೆಸಿದರು. ಅಮ್ಮ ಹಿಟ್ಟಿನ ಕೈಯಲ್ಲೇ ಬಂದು ಹತ್ತಿದರು. ಕಲಬುರಗಿಯವರೆಗೂ ಎರಡೂ ಬದಿ ಹೊಲಗಳಲ್ಲಿ ಹೊಟ್ಟು ಹಾರುತ್ತಿತ್ತು. ಅಮ್ಮ ಒಂದು ಕೈ ಹಿಡಿದಿದ್ದರು, ನಾನು ಇನ್ನೊಂದು. ಉಸಿರಾಟ ನೋಡುತ್ತ, ನಾಡಿ ನೋಡುತ್ತ, ಬಸವಣ್ಣಾ ಎನ್ನುತ್ತ ಕೂತಿದ್ದೆ. ಇವರು ಹೋದರೆ ನನ್ನ ಕೈಯಲ್ಲಿ ಮತ್ತೆಂದೂ ಇಕ್ಕಳ ನಿಲ್ಲುವುದಿಲ್ಲ ಎನ್ನಿಸಿತ್ತು. ಆ ಕೆಲವು ತಿಂಗಳಲ್ಲಿ ಅವರ ಮೇಲೆ ಅಷ್ಟು ಪ್ರೀತಿ ಬೆಳೆದಿದೆ ಎಂಬುದು ನನಗೆ ಗೊತ್ತಾದದ್ದೇ ಆ ಹಾದಿಯಲ್ಲಿ.

ರಕ್ತನಾಳ ಬಹುತೇಕ ಕಟ್ಟಿತ್ತಂತೆ. ಅಂದೇ ಸ್ಟೆಂಟ್ ಹಾಕಿದರು. ಮರುದಿನ ಒಳಗೆ ಬಿಟ್ಟಾಗ ಸರ್ ಕಣ್ಣು ತೆರೆದು, ನಾಲಿಗೆಯಿಂದ ಎಡದವಡೆಯನ್ನು ಒಮ್ಮೆ ಸವರಿ ನೋಡಿಕೊಂಡರು.

"ಹಲ್ಲ ಉಳೀತು ನೋಡವಾ" ಎಂದರು.

ಹೋಳಿಯವರೆಗೂ ದವಾಖಾನೆಯನ್ನು ನಾನೇ ನಡೆಸಿದೆ. ಆಗ ಒಂದು ಸೋಜಿಗ ನಡೆಯಿತು. ಡಾಕ್ಟರಿಗೇ ಎದೆ ತ್ರಾಸ ಬಂತಂತೆ, ಅವರೂ 'ಏನಿಲ್ಲ' ಅಂದಿದ್ದರಂತೆ ಎಂಬ ಸುದ್ದಿ ಬಸ್ಸಿಗಿಂತ ಬೇಗ ಹಳ್ಳಿಹಳ್ಳಿಗೆ ಮುಟ್ಟಿತ್ತು. ಜನ ಮೆಟ್ಟಿಲು ಏರುತ್ತಿದ್ದ ಹಾಗೇ ಕೂಗಿ ಹೇಳತೊಡಗಿದರು: "ಬಿಪಿ ಅದ್ರಿ ನನಗ!" "ಎದಿ ಡವಡವ ಅಂತದ್ರೀ!" ಗುಳಿಗೆ ಚೀಟಿ, ಪಂಪು ಎಲ್ಲ ಗಂಟು ಬಿಚ್ಚಿ ತೋರಿಸಿದರು. ಡಾಕ್ಟರಿಗೇ ರೋಗ ಬಂದ ಮೇಲೆ ನಮಗೇಕೆ ನಾಚಿಕೆ ಎನ್ನುವ ಹಾಗೆ.

ಸರ್ ಮನೆಗೆ ಬಂದ ಮೇಲೆ ಶಾಂತಬಾಯಿ ಒಂದು ಬುಟ್ಟಿ ಹಸಿ ಕಡಲೆ ತಂದು ಅವರ ಮಂಚದ ಕೆಳಗೆ ಕೂತಳು. ಅವರು ಏನೋ ಹೇಳಲು ಹೊರಟರು. "ನೀವು ಮಾತಾಡಬ್ಯಾಡ್ರಿ. ತಲಿ ಅಲ್ಲಾಡಸ್ರಿ ಸಾಕು" ಎಂದಳು. ಬಾಗಿಲಲ್ಲಿ ನಿಂತ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು.

ಆಮೇಲೆ ನನ್ನ ಮದುವೆ, ಕಲಬುರಗಿಯಲ್ಲಿ ನನ್ನದೇ ದವಾಖಾನೆ, ಮಕ್ಕಳು. ಫೋನಿನಲ್ಲಿ ಮಾತಾಡುತ್ತಿದ್ದೆವು, ಹೋಗುವುದು ಮಾತ್ರ ಇಂದು ನಾಳೆ ಎಂದು ಮುಂದೆ ಬೀಳುತ್ತಲೇ ಇತ್ತು.

ಕುಬಸಕ್ಕೆ ಹೊರಟ ಆ ದಿನ, ನನ್ನವರು ಕಾರು ನಿಲ್ಲಿಸುವಷ್ಟರಲ್ಲಿ ಮೆಟ್ಟಿಲು ಏರಿದೆ. ಕೊನೆಯ ಕಲ್ಲು 'ಖಟ್' ಎಂದಿತು. ಒಳಗೆ ಹೊಸ ಹುಡುಗಿ ಡಾಕ್ಟರೊಬ್ಬಳು ಕೆಲಸ ಮಾಡುತ್ತಿದ್ದಳು. "ಸರ್ ಚಾ ಕುಡ್ಯಾಕ ಕೆಳಗ ಹೋಗ್ಯಾರ್ರಿ, ಕುಂಡ್ರಿ" ಎಂದಳು. ಬೆಂಚಿನ ಮೇಲೆ ಕೂತೆ. ಸಿಲಿಂಡರಿಗೆ ಹೊಸ ಸೀರೆಯ ಅಂಗಿ ಬಂದಿತ್ತು. ಡಬ್ಬಿ ಅದೇ ಜಾಗದಲ್ಲಿ.

ಕೆಳಗೆ ಸಪ್ಪಳವಾಯಿತು. ಆ ಚಪ್ಪಲಿಯ ದನಿ ನನಗೆ ಗೊತ್ತು. ಏರಿತು, ಏರಿತು, ನಡುವೆ ನಿಂತಿತು.

ಉಸಿರು ಹಿಡಿದು ಕಾದೆ. ಹೆಜ್ಜೆ ಏಳಲಿಲ್ಲ. ಡಬ್ಬಿ ಎತ್ತಿಕೊಂಡು ಬಾಗಿಲಿಗೆ ಓಡಿದೆ.

ನಡುಮೆಟ್ಟಿಲಲ್ಲಿ ಸರ್ ನಿಂತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಗೋಡೆಯನ್ನೂ ಹಿಡಿದಿರಲಿಲ್ಲ, ದವಡೆಯನ್ನೂ ಹಿಡಿದಿರಲಿಲ್ಲ. ಮೇಲೆ ನೋಡುತ್ತ, ಕಳ್ಳ ಹುಡುಗನ ಹಾಗೆ ನಗುತ್ತಿದ್ದರು.

"ಯಾಕ್ರಿ ಸರ್? ಯಾಕ ನಿಂತ್ರಿ? ಏನಾತ್ರಿ?"

"ಏನಿಲ್ಲವಾ. ನೀ ಬಂದೀ ಅಂತ ರಶೀದ ಹೇಳಿದ. ಇನ್ನೂ ಕೇಳ್ತಿ ಏನಿಲ್ಲೋ ನೋಡೂಣಂತ ನಿಂತೆ."

ನನ್ನ ಕಣ್ಣು ತುಂಬಿ ಅವರ ಮುಖ ಕಾಣದಾಯಿತು. ಉಳಿದ ಮೆಟ್ಟಿಲುಗಳನ್ನು ಸರ್ ಸಾವಕಾಶವಾಗಿ ಏರಿದರು. ಒಂದೊಂದು ಹೆಜ್ಜೆಯನ್ನೂ ಕೇಳುತ್ತ ನಿಂತೆ. ಎಲ್ಲಿಯೂ ನಿಲ್ಲಲಿಲ್ಲ. ಖಟ್.